ಮರಗೆಲಸದ ಶೆಡ್ಡಿನಲ್ಲೊಂದು ತೊಟ್ಟಿ ನೀರು

ಭಾನುವಾರ. ಬೀದಿದೀಪ ಇನ್ನೂ ಆರಿಲ್ಲ. ಮರಗೆಲಸದ ಶೆಡ್ಡಿನೊಳಗೆ ಪಾಸ್ಟರ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಮರದ ಹೊಟ್ಟು ಗುಡಿಸುತ್ತಿದ್ದಾರೆ. ಗರಗಸದ ಯಂತ್ರದ ಮೇಲೆ ಬಿಳಿ ಬೆಡ್‌ಶೀಟ್ ಹೊದಿಸಿದರೆ ಅದೇ ಬೈಬಲ್ ಇಡುವ ಮೇಜು. "ಹೋದ ವಾರ ಸರಿಯಾಗಿ ಗುಡಿಸಿರ್ಲಿಲ್ಲ. ಪ್ರಾರ್ಥನೇಲಿ ಆಮೆನ್‌ಗಿಂತ ಸೀನೇ ಜಾಸ್ತಿ ಕೇಳಿಸ್ತು," ಎಂದು ನಗುತ್ತಾರೆ.

ನಗುತ್ತಿದ್ದರೂ ಅವರ ಕಣ್ಣು ಮತ್ತೆ ಮತ್ತೆ ಮೂಲೆಯ ತೊಟ್ಟಿಯತ್ತ ಹೋಗುತ್ತದೆ. ಕಟ್ಟಡದ ಕೆಲಸದವರು ಬಿಟ್ಟುಹೋದ ಉದ್ದನೆಯ ಫೈಬರ್ ತೊಟ್ಟಿ ಅದು. ಇವತ್ತು ಅದರಲ್ಲಿ ಒಬ್ಬ ಅಜ್ಜಿಗೆ ದೀಕ್ಷಾಸ್ನಾನ. ನೀರು ಚೆಲ್ಲಿದರೆ ಸಭೆಗೆ ಇದ್ದೊಂದು ಸೂರೂ ಹೋದಂತೆ.

ಪಾಸ್ಟರ್ ಇಲ್ಲಿಗೆ ಬಂದಾಗ ಈ ಬಡಾವಣೆಯಲ್ಲಿ ಮನೆಗಳಿಗಿಂತ ಮರಳಿನ ಗುಡ್ಡೆಗಳೇ ಹೆಚ್ಚಿದ್ದವು. ಈಗ ವಾರಕ್ಕೊಂದು ಲಾರಿ ಹೊಸ ಸಂಸಾರದ ಸಾಮಾನು ಇಳಿಸಿ ಹೋಗುತ್ತದೆ. ಪಾಸ್ಟರ್ ಮನೆಯ ನಡುಕೋಣೆಯಲ್ಲಿ ಶುರುವಾದ ಬ್ಯಾಪ್ಟಿಸ್ಟ್ ಸಭೆ ಅಡುಗೆಮನೆಗೆ ಹಬ್ಬಿ, ಮೆಟ್ಟಿಲಿಗೆ ಇಳಿದು, ಕೊನೆಗೆ ಬೀದಿಗೇ ಬಿತ್ತು. ವಾರವೆಲ್ಲ ಶಾಲೆಯ ವ್ಯಾನ್ ಓಡಿಸುವ ಅವರು, ಮಕ್ಕಳನ್ನು ಇಳಿಸಿದ ಮೇಲೆ ಬಾಡಿಗೆ ಜಾಗ ಹುಡುಕಿದರು. "ಹಾಡ್ತೀರಾ ಅಂತ ಕೇಳೋರು. ಹೌದು ಅಂದ್ರೆ ಬಾಗಿಲು ಹಾಕೋರು." ಕಡೆಗೆ ಒಪ್ಪಿದವರು ಈ ಶೆಡ್ಡಿನ ಬಡಗಿ ಮೇಸ್ತ್ರಿ. ಅವರು ಸಭೆಯವರಲ್ಲ.

ಈ ಸಭೆಯಲ್ಲಿ ಕೂಸುಗಳಿಗೆ ದೀಕ್ಷಾಸ್ನಾನವಿಲ್ಲ. ನಂಬಿದವರು ತಾವಾಗಿಯೇ ಕೇಳಬೇಕು. ತಲೆಗೆ ನೀರು ಚಿಮುಕಿಸಿದರೆ ಸಾಲದು, ಇಡೀ ಮೈ ಮುಳುಗಬೇಕು. ಮೊದಲು ಕೇಳಿದವನು ಆನೆಯಂಥ ಮೈಯ ಲಾರಿ ಡ್ರೈವರ್. ಪಾಸ್ಟರ್ ಹುರುಪಿನಲ್ಲಿ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರು. ಇಬ್ಬರೂ ಇಳಿದು, ಡ್ರೈವರ್ ಹಿಂದಕ್ಕೆ ಬಾಗಿದ್ದೇ ತಡ, ನೀರು ದಬದಬನೆ ಉಕ್ಕಿ ಮೇಸ್ತ್ರಿಯ ಪ್ಲೈವುಡ್ ಅಡಿಗೆ ನುಗ್ಗಿತು.

"ನೀರನ್ನಷ್ಟೇ ಲೆಕ್ಕ ಹಾಕಿದ್ದೆ. ಮನುಷ್ಯರನ್ನ ಮರೆತೇಬಿಟ್ಟಿದ್ದೆ," ಎನ್ನುತ್ತಾರೆ ಪಾಸ್ಟರ್.

ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದ್ದಾರೆ: "ನಿಮ್ಮ ದೇವರ ಮೇಲೆ ನಂಗೇನೂ ಕೋಪ ಇಲ್ಲ ಪಾಸ್ಟ್ರೇ. ಆದ್ರೆ ಇನ್ನೊಂದ್ಸಲ ಪ್ಲೈವುಡ್ ನೆನೆದ್ರೆ ನೀವು ಬೇರೆ ಜಾಗ ನೋಡ್ಕೊಳ್ಳಿ."

ಅದಕ್ಕೇ ಈ ಸಲ ನೀರು ಕಡಿಮೆ. ಆದರೆ ಕಡಿಮೆ ನೀರಿನಲ್ಲಿ ಮುಳುಗಲು ಕೂರಬೇಕು. ಅಜ್ಜಿಯ ಮೊಣಕಾಲು ಮಡಚುವುದಿಲ್ಲ. ನಿನ್ನೆ ಪಾಸ್ಟರ್ ತೊಟ್ಟಿಯೊಳಗೊಂದು ಗಿಡ್ಡ ಮರದ ಸ್ಟೂಲ್ ಇಟ್ಟರೆ ಅದು ತೇಲಿಕೊಂಡು ಮೇಲೆ ಬಂತು. "ಮರ ತೇಲತ್ತೆ ಅಂತ ನಿಮ್ಮ ಬೈಬಲ್ ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ?" ಎಂದು ಛೇಡಿಸುತ್ತಲೇ ಮೇಸ್ತ್ರಿ ಅದರ ಕಾಲಿಗೆ ಕಬ್ಬಿಣದ ಪಟ್ಟಿ ಬಿಗಿದುಕೊಟ್ಟರು. ಪಾಸ್ಟರ್ ಮುಖ ಅರಳಿದ್ದು ಕಂಡು, "ಸ್ಟೂಲ್ ಬೇರೆ, ಪ್ಲೈವುಡ್ ಬೇರೆ," ಎಂದೂ ಸೇರಿಸಿದರು.

ಹೊತ್ತೇರುವಷ್ಟರಲ್ಲಿ ಕುರ್ಚಿಗಳು ತುಂಬಿವೆ. ಡ್ರೈವರ್ ಅಜ್ಜಿಯನ್ನು ಹೂವಿನಂತೆ ಎತ್ತಿ, ನೀರಲ್ಲಿ ನಿಂತಿರುವ ಪಾಸ್ಟರ್ ಕೈಗೆ ಕೊಡುತ್ತಾನೆ. ಅಜ್ಜಿ ಸ್ಟೂಲ್ ಮೇಲೆ ಕಾಲು ಚಾಚಿ ಕೂರುತ್ತಾಳೆ.

"ತಣ್ಣಗಿದೆಯಾ ಅಜ್ಜಿ? ಭಯ ಆಗ್ತಿದೆಯಾ?"

"ಜೀವಮಾನವೆಲ್ಲ ಕಂಡೋರ ಬಟ್ಟೆ ಒಗೆದು ನೀರಲ್ಲಿ ಅದ್ದಿದೀನಿ. ಇವತ್ತು ನನ್ನ ಸರದಿ. ಅದ್ದಪ್ಪಾ, ಮಾತು ಸಾಕು."

ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಪಾಸ್ಟರ್ ಆಕೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ತಲೆ ಮುಳುಗುತ್ತದೆ, ಆ ಕಡೆ ಪಾದಗಳು ಮೇಲೇಳುತ್ತವೆ. ಎದ್ದ ಅಜ್ಜಿ ಮುಖ ಒರೆಸಿಕೊಂಡು ತನ್ನ ಕಾಲ್ಬೆರಳನ್ನೇ ದಿಟ್ಟಿಸುತ್ತಾಳೆ.

"ಬೆರಳು ಉಳೀತಲ್ಲಪ್ಪಾ. ನಂಗೆ ಅರ್ಧಂಬರ್ಧ ಬೇಡ."

ಸಭೆಯಲ್ಲಿ ಕಿಸಕ್ಕನೆ ನಗು. ಪಾಸ್ಟರ್‌ಗೆ ನಗು ಬರುವುದಿಲ್ಲ. ಇನ್ನಷ್ಟು ಮುಳುಗಿದರೆ ನೀರು ಇನ್ನಷ್ಟು ಏರುತ್ತದೆ. ಅವರು ಬಾಗಿಲಲ್ಲಿ ನಿಂತ ಮೇಸ್ತ್ರಿಯತ್ತ ಒಮ್ಮೆ, ಅಜ್ಜಿಯತ್ತ ಒಮ್ಮೆ ನೋಡಿ, ಹೆಂಡತಿಯನ್ನು ಕರೆಯುತ್ತಾರೆ. ಆಕೆ ಹೊರಗಿನಿಂದ ಬಗ್ಗಿ ಅಜ್ಜಿಯ ಪಾದಗಳನ್ನು ಮೆಲ್ಲನೆ ಒತ್ತಿ ಹಿಡಿಯುತ್ತಾರೆ. ಈ ಸಲ ನೆತ್ತಿಯಿಂದ ಹೆಬ್ಬೆರಳಿನವರೆಗೆ ಅಜ್ಜಿ ನೀರೊಳಗೆ. ನೀರು ಏರಿ, ಅಂಚಿನ ಮೇಲೆ ಗಾಜಿನಂತೆ ಉಬ್ಬಿ ನಿಂತು, ನಡುಗಿ, ಚೆಲ್ಲದೆ ಇಳಿಯುತ್ತದೆ. ಯಾರೋ ಹಾಡು ಎತ್ತುತ್ತಾರೆ.

ಎಲ್ಲರೂ ಹೋದ ಮೇಲೆ ಮೇಸ್ತ್ರಿ ಮಂಡಿಯೂರಿ ಪ್ಲೈವುಡ್ ಅಡಿಗೆ ಕೈ ಆಡಿಸುತ್ತಾರೆ. ಅಂಗೈ ಒಣಗಿಯೇ ಇದೆ.

"ಬರೋ ವಾರ ಬೇಗ ಬನ್ನಿ. ಹೊಟ್ಟು ಜಾಸ್ತಿ ಇರತ್ತೆ."

ಬಕೆಟ್‌ನಲ್ಲಿ ನೀರು ಮೊಗೆದು ಮೊಗೆದು ಹೊರಗೆ ಸುರಿಯುತ್ತಿದ್ದ ಪಾಸ್ಟರ್ ಆ ಮಾತಿಗೆ ಬಕೆಟ್ ಕೆಳಗಿಡುತ್ತಾರೆ. ಸ್ವಂತ ಚರ್ಚ್ ಯಾವಾಗ ಎಂದು ಕೇಳಿದರೆ ಸೊಂಟ ಹಿಡಿದು ನಗುತ್ತಾರೆ: "ಅದು ದೇವರ ಚಿತ್ತ. ಸದ್ಯ ಈ ತೊಟ್ಟಿ ತಳಕ್ಕೊಂದು ತೂತು, ಅದಕ್ಕೊಂದು ಬಿರಡೆ ಇದ್ರೆ ಸಾಕು."

ಮೇಸ್ತ್ರಿ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ತೊಟ್ಟಿಯ ಸುತ್ತ ಒಂದು ಸುತ್ತು ಬರುತ್ತಾರೆ. ಪ್ಲೈವುಡ್ ಇಲ್ಲದ ಕಡೆ ಬಗ್ಗಿ, ತೊಟ್ಟಿಯ ಬುಡದಲ್ಲಿ ತೂತಿಗೆ ಗುರುತು ಹಾಕುತ್ತಾರೆ.