ಕತ್ತರಿ ಮೇಜಿನ ಸುದ್ದಿ

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರೆಲ್ಲ ಹಳೇಬೀದಿಯವರು. ಗುಂಡಿ ಹಾಕುವವರು ಕಾಲುವೆಯಾಚೆಯ ಹೆಂಗಸರು, ಅಜ್ಜಂದಿರ ಕಾಲದಲ್ಲಿ ಬೇರೆ ಸೀಮೆಯಿಂದ ಬಂದು ನೆಲೆಸಿದವರು. ಹೀಗೇ ಇರಬೇಕೆಂದು ಯಾರೂ ಎಲ್ಲೂ ಬರೆದಿರಲಿಲ್ಲ. ಕತ್ತರಿ ಮೇಜಿನಲ್ಲಿ ಜಾಗ ಖಾಲಿಯಾದರೆ ಸುದ್ದಿ ಮಾವನ ಬಾಯಿಂದ ಅಳಿಯನ ಕಿವಿಗೆ ಹೋಗುತ್ತಿತ್ತು. ಗುಂಡಿ ಕೋಣೆಗೆ ಅದು ಮುಟ್ಟುವಷ್ಟರಲ್ಲಿ ಅಳಿಯ ಕತ್ತರಿ ಹಿಡಿದು ವಾರವಾಗಿರುತ್ತಿತ್ತು. ಕೂಲಿಯೋ, ಗುಂಡಿಯದಕ್ಕೆ ಕತ್ತರಿಯದು ಎರಡರಷ್ಟು.

ಗುಂಡಿಯಕ್ಕ ಹತ್ತೊಂಬತ್ತು ವರ್ಷ ಗುಂಡಿ ಹಾಕಿದಳು. "ನಿಮ್ಮ ಜನದ ಬೆರಳು ನಾಜೂಕು, ಗುಂಡಿಗೇ ಹುಟ್ಟಿದ್ದು" ಎಂದು ಮೇಸ್ತ್ರಿ ಹೊಗಳುತ್ತಿದ್ದ. ಅವಳ ತಾಯಿಯೂ ಅದೇ ಕೋಣೆಯಲ್ಲಿ ಅದೇ ಹೊಗಳಿಕೆಗೆ ಹಿಗ್ಗಿ ಕಣ್ಣು ಸವೆಸಿದವಳು. ಕತ್ತರಿಯವನೊಬ್ಬ ಕಾಯಿಲೆ ಬಿದ್ದು, ಅವನಿಗೆ ಅಳಿಯನೂ ಇಲ್ಲದೆ ಜಾಗ ಖಾಲಿ ಬಿದ್ದಿದ್ದಾಗ ಅಕ್ಕ ಮೇಸ್ತ್ರಿಯ ಮುಂದೆ ನಿಂತಳು.

"ಆ ಕೆಲ್ಸ ನಂಗೆ ಕೊಡಿ."

"ನಿನ್ನ ಬೆರಳಿಗಲ್ಲಮ್ಮ ಅದು."

ಅಕ್ಕ ತನ್ನ ಕೈಯನ್ನು ಅವನ ಕೈಯ ಪಕ್ಕ ಮೇಜಿನ ಮೇಲಿಟ್ಟಳು. ಅವನ ಬೆರಳು ಬೆಂಡೆಕಾಯಿ, ಇವಳದು ಬಾಳೆಕಾಯಿ. "ನೋಡಿ ಸ್ವಾಮಿ, ಹಂಗಾದ್ರೆ ಗುಂಡಿಗೆ ನೀವೇ ಬರ್ಬೇಕು!"

ಮೇಜಿನವರು ಹೊಟ್ಟೆ ಹಿಡಿದು ನಕ್ಕರು. ಮೇಸ್ತ್ರಿಯೂ ನಕ್ಕು, ಒಂದು ವಾರ ನೋಡೋಣ ಎಂದ. ಆ ವಾರ ಮುಗಿಯದೆ ಆರು ವರ್ಷವಾಯಿತು.

ಆರನೆಯ ವರ್ಷ ಮತ್ತೊಂದು ಜಾಗ ಖಾಲಿಯಾಯಿತು. ಮೇಸ್ತ್ರಿ ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ನಿನ್ನ ತಂಗಿ ಮಗಳು ನೂಲು ಕತ್ತರಿಸ್ತಾ ಕೂತಿದಾಳಲ್ಲ, ನಾಳೆ ಕರ್ಕೊಂಡ್ ಬಾ. ಯಾರಿಗೂ ಹೇಳ್ಬೇಡ. ಈಗ ನೀನೂ ನಮ್ಮವಳೇ."

ತಂಗಿ ತೀರಿಕೊಂಡ ಮೇಲೆ ಅಕ್ಕನೇ ಸಾಕಿ ಮದುವೆ ಮಾಡಿದ ಮಗಳು ಅವಳು. ಒಂದೇ ಕೋಣೆಯಲ್ಲಿ ಗಂಡ, ಅತ್ತೆ, ಎರಡು ಕೂಸು. ಆ ಜಾಗ ಸಿಕ್ಕಿದರೆ ಎರಡು ಕೋಣೆಯ ಮನೆ. ಕಿವಿಗೊಂದು ಮಾತು ಹಾಕಿದರೆ ಮುಗಿಯಿತು. ಆದರೆ ಹತ್ತೊಂಬತ್ತು ವರ್ಷ ಅಕ್ಕನ ಕಿವಿಗೆ ಬೀಳದೇ ಹೋದದ್ದೂ ಇಂಥದೇ ಪಿಸುಮಾತು.

ಊಟದ ಹೊತ್ತಿಗೆ ಬೆಂಚು ಹತ್ತಿ ನಿಂತಳು. "ಕತ್ತರಿ ಮೇಜಲ್ಲಿ ಒಂದು ಜಾಗ ಐತೆ. ಯಾರಿಗೆ ಬೇಕೋ ನಾಳೆ ಬಂದು ಬಟ್ಟೆ ಹಾಸಿ ತೋರ್ಸಿ!"

ಮೇಸ್ತ್ರಿ ಹಣೆ ಚಚ್ಚಿಕೊಂಡ.

ಏಳು ಜನ ಬಂದರು. ಕತ್ತರಿಸುವ ಮುಂಚೆ ಬಟ್ಟೆಯನ್ನು ಒಂದರ ಮೇಲೊಂದು ಹತ್ತು ಪದರ ಹಾಸಬೇಕು. ಮಗಳು ಒಂದು ಸುಕ್ಕಿಲ್ಲದಂತೆ, ಕನ್ನಡಿಯ ಹಾಗೆ ಎಳೆದು ಹಾಸಿದಳು. ಎಳೆದ ಬಟ್ಟೆ ಸುಮ್ಮನಿರುವುದಿಲ್ಲ. ಊಟ ಮುಗಿಸಿ ಬಂದು ಅಕ್ಕ ಅಳೆದಾಗ ಅದು ಅರ್ಧ ಬೆರಳು ಹಿಂದಕ್ಕೆ ಸರಿದಿತ್ತು, ತೋಳು ಗಿಡ್ಡವಾಗುವಷ್ಟು. ಒಂದು ಎಳೆಯೂ ಸರಿಯದೆ ಇದ್ದದ್ದು ಪೆಟ್ಟಿಗೆ ಹೊರುವವನದು. ಹಳೇಬೀದಿಯವನೇ, ಆದರೆ ಮೇಜಿನಲ್ಲಿ ಮಾವನಿಲ್ಲದ ಬಡವ. ಜಾಗ ಅವನಿಗೇ ಆಯಿತು.

"ಕೊನೆಗೂ ಹಳೇಬೀದಿಯವ್ರಿಗೇ ಕೊಡ್ಸಿದ್ಯಲ್ಲ ದೊಡ್ಡಮ್ಮ! ಸಾಕಿದ್ದು ಇದಕ್ಕಾ?"

"ಬೈಯಿ, ಬೈಯಿ. ಬೈದಾದ್ಮೇಲೆ ಸಂಜೆ ಮನೆಗೆ ಬಾ. ಹಳೇ ದುಪ್ಪಟಿ ಐತೆ, ಎಳೀದೆ ಹಾಸೋದು ಹೇಳ್ಕೊಡ್ತೀನಿ."

ಎರಡು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ಬಂದಳು.

ಹನ್ನೊಂದು ತಿಂಗಳಿಗೆ ಇನ್ನೊಂದು ಜಾಗ. ಈ ಸಲ ಮೇಸ್ತ್ರಿಯೇ ಊಟದ ಮನೆಯಲ್ಲಿ ನಿಂತು ಕೂಗಿದ. ಕೂಗದಿದ್ದರೆ ಗುಂಡಿ ಕೋಣೆಯವರು ಅವನನ್ನು ಬಿಡುತ್ತಿರಲಿಲ್ಲ. ಅಳತೆಗೆ ಅಕ್ಕ ಕೈ ಹಾಕಲಿಲ್ಲ, ಪೆಟ್ಟಿಗೆಯವನು ಅಳೆದ. ಮಗಳ ಬಟ್ಟೆಗೆ ಬಂದಾಗ "ಕೂದಲೆಳೆಯಷ್ಟೂ ಕಮ್ಮಿ ಇಲ್ಲ" ಎಂದ.

ಮಾರನೆಯ ದಿನ ಮೇಜಿನ ಮೇಲೆ ಅಕ್ಕ, ಪೆಟ್ಟಿಗೆಯವನು, ಮಗಳು ಮೂವರೂ ಬಟ್ಟೆಯ ಒಂದೊಂದು ಮೂಲೆ ಹಿಡಿದರು. ನಾಲ್ಕನೆಯದನ್ನು ಮೇಸ್ತ್ರಿ ಹಿಡಿದಿದ್ದ.

"ಎಳೀಬೇಡಿ ಸ್ವಾಮಿ" ಎಂದು ಗದರಿದಳು ಮಗಳು.