ಏಳು ಬ್ಯಾಕ್‌ಲಾಗ್‌ಗಳ ನಿಜವಾದ ಕಾರಣ

ಕೋವಿಡ್ ಕಳೆದು ಆಫೀಸುಗಳು ಮತ್ತೆ ತುಂಬಿಕೊಂಡ ವರ್ಷ ಅದು. ಹೈದರಾಬಾದಿನ ಒಂದು ಖಾಸಗಿ ಬಿಸಿನೆಸ್ ಸ್ಕೂಲಿನ ಪ್ರವೇಶ ವಿಭಾಗದಿಂದ ನಿವೃತ್ತಳಾಗಿದ್ದ ನಾನು, ತಾರ್ನಾಕದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಂಬಿಎ ಅಭ್ಯರ್ಥಿಗಳಿಗೆ ಸಲಹೆ ಕೊಡುವ ಕೆಲಸ ಶುರುಮಾಡಿದ್ದೆ. ಯಾವ ಸ್ಕೂಲಿಗೆ ಅರ್ಜಿ ಹಾಕಬಹುದೆಂದು ಹೇಳುವುದು, ಅವರು ಬರೆದ ಪ್ರಬಂಧಗಳನ್ನು ಓದಿ ತಿದ್ದಿಸುವುದು, ಸಂದರ್ಶನಕ್ಕೆ ಅಣಿಗೊಳಿಸುವುದು, ಇಷ್ಟೇ ಕೆಲಸ. ಪ್ರಬಂಧವನ್ನು ನಾನೇ ಬರೆದುಕೊಡುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದೆ.

ಭಾಗ್ಯಶ್ರೀ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಇಪ್ಪತ್ತಾರರ ಹುಡುಗಿ. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ನಾನು ಧಾರವಾಡದ ಕಡೆಯವಳು, ಮನೆಯಲ್ಲಿ ಕನ್ನಡ ಮಾತಾಡುತ್ತೇನೆ ಎಂದು ಯಾರಿಂದಲೋ ಕೇಳಿ ಬಂದಿದ್ದಳು. ಅವಳ ಮನೆಯವರು ಲಿಂಗಸುಗೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದು ಲಿಂಗಂಪಲ್ಲಿಯಲ್ಲಿ ನೆಲೆಸಿದವರು. ಕುರ್ಚಿಯಲ್ಲಿ ಕೂರುವ ಮೊದಲೇ ಅವಳು ವಿಷಯಕ್ಕೆ ಬಂದಳು.

"ಮೊದ್ಲ ಹೇಳಿಬಿಡ್ತೀನ್ರಿ ಮೇಡಂ. ಬಿ.ಟೆಕ್‌ನ್ಯಾಗ ಐವತ್ನಾಲ್ಕು ಪರ್ಸೆಂಟ್. ಏಳು ಬ್ಯಾಕ್‌ಲಾಗ್ ಇದ್ದುವು. ಆಗೂದಿಲ್ಲ ಅಂದ್ರ ಈಗ ಹೇಳ್ರಿ, ಚಾ ಕುಡದು ಹೋಗ್ತೀನಿ."

ಬ್ಯಾಕ್‌ಲಾಗ್ ಎಂದರೆ ಫೇಲಾಗಿ ಮತ್ತೆ ಕಟ್ಟಿ ಪಾಸು ಮಾಡಿದ ವಿಷಯ. ಒಳ್ಳೆಯ ಸ್ಕೂಲುಗಳಿಗೆ ಅರ್ಜಿ ಹಾಕುವವರಲ್ಲಿ ಒಂದೆರಡು ಇದ್ದರೂ ಅಳುಕುತ್ತಾರೆ. ಆದರೆ ನನ್ನ ಕುತೂಹಲ ಕೆರಳಿದ್ದು ಅವಳ ಇನ್ನೊಂದು ಅಂಕಿಯಿಂದ. ಆಗಲೇ ಪ್ರವೇಶ ಪರೀಕ್ಷೆ ಬರೆದಿದ್ದಳು, ಅದರ ಗಣಿತ ಭಾಗದಲ್ಲಿ ನಾನು ಅಪರೂಪಕ್ಕೆ ನೋಡುವಂಥ ಅಂಕ ಬಂದಿತ್ತು. ಕಾಲೇಜಿನಲ್ಲಿ ಅವಳು ಫೇಲಾದ ಏಳರಲ್ಲಿ ಎರಡು ಗಣಿತವೇ. ಇವೆರಡೂ ಒಬ್ಬಳದೇ ಅಂಕಗಳಾಗಿರುವುದು ಹೇಗೆ ಎಂದು ನಾನು ಅವಳನ್ನು ಮತ್ತೊಮ್ಮೆ ನೋಡಿದೆ.

ಪ್ರವೇಶ ಸಮಿತಿ ಪದವಿಯ ಅಂಕಗಳನ್ನು ನೋಡುವುದು ಬುದ್ಧಿಯನ್ನು ಅಳೆಯುವುದಕ್ಕಲ್ಲ. ಎಂಬಿಎಯ ಮೊದಲ ಟರ್ಮಿನಲ್ಲಿ ಸ್ಟ್ಯಾಟಿಸ್ಟಿಕ್ಸ್, ಅಕೌಂಟಿಂಗ್, ಫೈನಾನ್ಸ್ ಒಟ್ಟಿಗೆ ಮೇಲೆ ಬೀಳುತ್ತವೆ. ಈ ವ್ಯಕ್ತಿ ಅದನ್ನು ತಾಳಿಕೊಳ್ಳುತ್ತಾರೋ, ನಡುವೆ ಕೈಬಿಡುತ್ತಾರೋ ಎಂಬುದೇ ಅಲ್ಲಿ ಎಲ್ಲರ ಪ್ರಶ್ನೆ. ಅಂಕ ಕಡಿಮೆ ಇದ್ದವರಿಗೆ ಉತ್ತರ ಹೇಳಲು ಅರ್ಜಿಯಲ್ಲಿ ಒಂದು ಐಚ್ಛಿಕ ಪ್ರಬಂಧಕ್ಕೆ ಜಾಗ ಇರುತ್ತದೆ. ಅರ್ಧ ಪುಟದಷ್ಟು. ಅವಳ ಭವಿಷ್ಯ ಆ ಅರ್ಧ ಪುಟದಲ್ಲಿತ್ತು.

ನಾನು ಮನೆಯ ವಿಷಯ ಕೇಳಿದೆ. ತಂದೆ ಶರಣಪ್ಪ ಮೊದಲು ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು, ಈಗ ಟೈಲ್ಸ್ ಹಾಕಿಸುವ ಮೇಸ್ತ್ರಿ. ಕಾಲೇಜಿನ ವರ್ಷಗಳಲ್ಲಿ ಕಟ್ಟಡ ಮುಗಿದಂತೆಲ್ಲ ಮನೆ ಬದಲಾಗುತ್ತಿತ್ತು. ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವಳಿಗೆ ಇಲ್ಲಿ ಇಂಗ್ಲಿಷಿನ ಪಾಠ, ತೆಲುಗಿನ ಗೆಳತಿಯರು. ಕೇಳುತ್ತಾ ಹೋದಂತೆ ಅರ್ಧ ಪುಟ ನನ್ನ ಕಣ್ಣ ಮುಂದೆ ತಾನಾಗಿ ತುಂಬಿಕೊಂಡಿತು. ಭಾಷೆ, ಬಡತನ, ಮೇಲಿಂದ ಮೇಲೆ ಬದಲಾದ ಮನೆ. ಇದನ್ನೇ ಬರೆ ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ಅದು ಸುಳ್ಳಾಗ್ತೈತ್ರಿ. ಮನಿ ಬದಲಾದ್ರೂ ಅಪ್ಪ ನನಗ ಓದಾಕ ಒಂದು ಮೂಲಿ ಮಾಡಿ ಕೊಡ್ತಿದ್ದ. ಇಂಗ್ಲಿಷ್ ಒಂದ ವರ್ಷದಾಗ ಬಂತು. ನಾ ಓದಲಿಲ್ಲ, ಅಷ್ಟ."

ಹಾಗಾದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಎರಡನೇ ವರ್ಷದಿಂದ ಕಾಲೇಜಿಗೆಂದು ಹೊರಟು ಗೆಳತಿಯ ಮನೆಯವರ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದಳಂತೆ. ಗಿರಾಕಿಗಳಿಗೆ ಡ್ರೆಸ್ ಮೆಟೀರಿಯಲ್ ಬಿಚ್ಚಿ ತೋರಿಸುವುದು, ಯಾರು ಕೊಳ್ಳುತ್ತಾರೆ, ಯಾರು ಸುಮ್ಮನೆ ನೋಡಿ ಹೋಗುತ್ತಾರೆ ಎಂದು ಗೆಳತಿಯೊಡನೆ ಪಂದ್ಯ ಕಟ್ಟುವುದು. ನನಗೆ ಖುಷಿಯಾಯಿತು. ಬಿಸಿನೆಸ್ ಸ್ಕೂಲಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ವ್ಯಾಪಾರದ ಮೊದಲ ಪಾಠ ಅಂಗಡಿಯಲ್ಲಿ ಕಲಿತೆ ಎಂದು ಬರೆಯಬಹುದಲ್ಲ ಎಂದೆ. ಅವಳಿಗೆ ನಗು ಬಂತು. ಕಲಿಯಲೆಂದು ಹೋಗಿರಲಿಲ್ಲ, ಅಲ್ಲಿ ಕೂಲರ್ ಇತ್ತು, ಚಾ ಸಿಗುತ್ತಿತ್ತು, ಹೋಗುತ್ತಿದ್ದೆ ಎಂದಳು. ಕೆಮಿಕಲ್ ಎಂಜಿನಿಯರಿಂಗ್ ಅವಳಿಗೆ ಬೇಸರ ತರಿಸಿತ್ತು. ಬೇಸರವೆಂದು ಯಾರಿಗೂ ಹೇಳದೆ ತಪ್ಪಿಸಿಕೊಂಡಿದ್ದಳು.

ಕೈಗೆ ಸಿಕ್ಕ ಎರಡು ಒಳ್ಳೆಯ ಕಥೆಗಳನ್ನು ಬೇಡವೆಂದವಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ವೃತ್ತಿಯ ಅಳುಕನ್ನೂ ಅವಳಿಗೆ ಹೇಳಿದೆ. ಸಮಿತಿಗಳು ಅತಿ ಹೆಚ್ಚು ಹೆದರುವುದು ಇದೇ ಕಾರಣಕ್ಕೆ. ಭಾಷೆಯ ತೊಂದರೆ ಕಳೆಯುತ್ತದೆ, ಮನೆಯ ಕಷ್ಟ ತೀರುತ್ತದೆ. ಬೇಸರ ಬಂದಾಗ ಬಿಟ್ಟು ಹೋದವಳು ಮತ್ತೆ ಬಿಟ್ಟು ಹೋಗುವುದಿಲ್ಲ ಎಂದು ಅವರು ನಂಬುವುದು ಹೇಗೆ?

ಅವಳು ತನ್ನ ಕಾರ್ಖಾನೆಯ ಮಾತು ತೆಗೆದಳು. ಅಲ್ಲಿ ಏನಾದರೂ ನಿಯಮ ತಪ್ಪಿ ನಡೆದರೆ, ಒಂದು ಬಾಕ್ಸಿನ ಮೇಲೆ ತಪ್ಪು ಲೇಬಲ್ ಬಿದ್ದರೂ ಸರಿ, ಅದನ್ನು ಡೀವಿಯೇಷನ್ ಎಂದು ದಾಖಲಿಸುತ್ತಾರೆ. ಏನಾಯಿತು, ಮೂಲ ಕಾರಣ ಏನು, ಏನು ಸರಿಪಡಿಸಿದಿರಿ, ಮತ್ತೆ ಆಗುವುದಿಲ್ಲ ಎನ್ನುವುದಕ್ಕೆ ಪುರಾವೆ ಏನು ಎಂದು ಬರೆಯಬೇಕು. ಕೆಲಸಗಾರನ ಅಜಾಗ್ರತೆ ಎಂದು ಒಂದೇ ಸಾಲು ಬರೆದರೆ ಆಡಿಟರ್ ವಾಪಸು ಕಳಿಸುತ್ತಾನೆ. ಮೊದಮೊದಲು ಅವಳೂ ಹಾಗೆಯೇ ಬರೆದು ವಾಪಸು ಪಡೆದಿದ್ದಳು. ಆಮೇಲೆ ಒಂದೊಂದು ತಪ್ಪಿನ ಹಿಂದೆ ಬಿದ್ದು ಹುಡುಕುವ ರುಚಿಯೇ ಅವಳಿಗೆ ಹತ್ತಿತು. ತಪ್ಪುಗಳ ಲೆಕ್ಕ ಹಾಕಲು ಸ್ಟ್ಯಾಟಿಸ್ಟಿಕ್ಸ್ ಬೇಕಾಗಿ, ಕಾಲೇಜಿನ ಗಣಿತದಲ್ಲಿ ಅವಳನ್ನು ಫೇಲು ಮಾಡಿಸಿದ್ದ ಅದೇ ವಿಷಯವನ್ನು ತಾನೇ ಕೂತು ಓದಿದ್ದಳು. ಪ್ರವೇಶ ಪರೀಕ್ಷೆಯ ಅಂಕದ ಗುಟ್ಟು ನನಗೆ ಆಗ ತಿಳಿಯಿತು.

ಪುರಾವೆ ಬೇಕೆಂದರೆ ಇನ್ನಷ್ಟು ತಯಾರಿ ಬೇಕೆಂದೆ. ಈ ವರ್ಷ ಅರ್ಜಿ ಹಾಕದೆ ನಿಲ್ಲು, ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಸುವಂಥ ಆನ್‌ಲೈನ್ ಕೋರ್ಸುಗಳನ್ನು ಮಾಡು ಎಂದು ಸೂಚಿಸಿದೆ. ಅವಳು ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್ ಎರಡನ್ನೂ ತೆಗೆದುಕೊಂಡಳು. ಅಕೌಂಟಿಂಗ್ ಅವಳಿಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಪ್ರತಿ ಬಾರಿ ಬಂದಾಗಲೂ ಅದನ್ನು ಬೈಯುತ್ತಿದ್ದಳು. ಆದರೂ ಮುಗಿಸಿದಳು, ಒಳ್ಳೆಯ ದರ್ಜೆಯಲ್ಲೇ. ಇಷ್ಟವಿಲ್ಲದ್ದನ್ನು ಮುಗಿಸಿದ್ದೇ ನಿನ್ನ ದೊಡ್ಡ ಪುರಾವೆ ಎಂದು ಹೇಳಿದೆ.

ಮರುವರ್ಷ ಅರ್ಜಿ ಕಳಿಸುವ ವಾರದ ಭಾನುವಾರ ಅವಳು ತಂದೆಯೊಡನೆ ಬಂದಳು. ಮಗಳು ವರ್ಷವಿಡೀ ಎಲ್ಲಿಗೆ ಓಡಾಡುತ್ತಿದ್ದಾಳೆಂದು ನೋಡಬೇಕೆಂದು ಶರಣಪ್ಪನವರೇ ಹೊರಟು ಬಂದಿದ್ದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೂತವರು ನಮ್ಮ ನೆಲದ ಟೈಲ್ಸನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

"ಅಕ್ಕಾರ, ಒಂದು ಮಾತು ಬರಸ್ರಿ. ಹುಡುಗಿ ಶಾಣ್ಯಾಕಿ. ನಾ ಊರೂರು, ಸೈಟ್ ಸೈಟ್ ತಿರುಗಿಸಿದ್ದಕ್ಕ ಆಕಿ ಮಾರ್ಕ್ಸ್ ಹೋದ್ವು. ತಪ್ಪು ನಂದು. ನನ್ನ ಹೆಸರ ಹಾಕಿ ಬರಸ್ರಿ."

ಭಾಗ್ಯಶ್ರೀಯ ಮುಖ ಇಳಿದುಹೋಯಿತು. ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನನ್ನೆದುರು ಮೊದಲ ದಿನವೇ ಹೇಳಿದ್ದನ್ನು ಅವಳು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಇಷ್ಟು ವರ್ಷ ತಂದೆ ತಮ್ಮದೇ ತಪ್ಪೆಂದು ನಂಬಿದ್ದರು. ಅವಳು ನಂಬಲು ಬಿಟ್ಟಿದ್ದಳು.

ಅವರಿಬ್ಬರನ್ನೇ ಬಿಟ್ಟು ನಾನು ಒಳಗೆ ಏಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ಮಾತಾಡಿದಳು. "ಅಪ್ಪಾ, ಮನಿ ಬದಲಾಗಿದ್ದಕ್ಕ ಅಲ್ಲ. ನಾ ಕಾಲೇಜಿಗೆ ಹೋಗತಿದ್ದಿಲ್ಲ. ಎರಡು ವರ್ಷ ಅಂಗಡ್ಯಾಗ ಕುಂತು ಹೊತ್ತು ಕಳದೀನಿ. ನೀ 'ತಪ್ಪು ನಂದು' ಅಂದಾಗೆಲ್ಲಾ ನಾ ಸುಮ್ನ ಇದ್ದೆ."

ಶರಣಪ್ಪ ಯಾವ ಅಂಗಡಿ ಎಂದು ಕೇಳಿದರು. ಅವಳು ಹೇಳಿದಳು. ಆ ದಾರಿಯಲ್ಲೇ ದಿನಾ ಕೆಲಸಕ್ಕೆ ಹೋಗುತ್ತಿದ್ದೆನಲ್ಲ ಎಂದು ತಮಗೆ ತಾವೇ ಎಂಬಂತೆ ಅಂದರು. ಎದ್ದು ಚಪ್ಪಲಿ ಮೆಟ್ಟಿ ಗೇಟಿನ ಹೊರಗೆ ಹೋಗಿ ನಿಂತರು. ಭಾಗ್ಯಶ್ರೀ ಹಿಂದೆ ಹೋಗಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ನಾನು ಒಳಗೆ ಹೋಗಿ ಚಹಾಕ್ಕಿಟ್ಟೆ. ನನಗೆ ಆ ಹೊತ್ತಿಗೆ ಬೇರೇನೂ ತೋಚಲಿಲ್ಲ.

ಚಹಾ ತರುವ ಹೊತ್ತಿಗೆ ಅವರು ಬಾಗಿಲಲ್ಲಿದ್ದರು. ಕೂರಲಿಲ್ಲ. ಮಗಳ ಮುಖ ನೋಡದೆ ಹೇಳಿದರು: "ಇದ್ದದ್ದು ಇದ್ಹಂಗ ಬರಿ. ನನ್ನ ಹೆಸರ ಬ್ಯಾಡ."

ಅವಳು ಹಾಗೆಯೇ ಬರೆದಳು. ನಾನು ತಿದ್ದಿಸಿದ್ದು ಒಂದೆರಡು ವ್ಯಾಕರಣದ ತಪ್ಪು ಮಾತ್ರ. ಏನಾಯಿತು, ಯಾಕಾಯಿತು, ಏನು ಸರಿಪಡಿಸಿದೆ, ಪುರಾವೆ ಏನು. ಎಲ್ಲಿಯೂ ಕ್ಷಮೆ ಕೇಳುವ ಧಾಟಿ ಇರಲಿಲ್ಲ, ಕಣ್ಣೀರಿನ ಸಾಲೂ ಇರಲಿಲ್ಲ. ಆ ದಿನ ಮನೆಗೆ ಹೋಗುವಾಗ ತಂದೆ ಮಗಳು ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತರಂತೆ. ಮನೆಯಲ್ಲಿ ಮಾತು ಸರಿಹೋಗಲು ಕೆಲವು ವಾರಗಳೇ ಹಿಡಿದವು.

ಮೂರು ಸ್ಕೂಲುಗಳಿಗೆ ಅರ್ಜಿ ಹೋಗಿತ್ತು. ಎರಡು ಸಂದರ್ಶನಕ್ಕೂ ಕರೆಯದೆ ನಿರಾಕರಿಸಿದವು. ಅವಳು ಅತ್ಯಂತ ಆಸೆಪಟ್ಟಿದ್ದ ಸ್ಕೂಲೂ ಅವುಗಳಲ್ಲಿತ್ತು. ಮೂರನೆಯದು ಕರೆಯಿತು. ಸಂದರ್ಶನದಲ್ಲಿ ಒಬ್ಬ ಪ್ರಾಧ್ಯಾಪಕರು ನೇರವಾಗಿ ಕೇಳಿದರಂತೆ, ಇಲ್ಲಿಯೂ ಬೇಸರ ಬಂದರೆ ಏನು ಮಾಡುತ್ತೀ? ಬರಬಹುದು ಸರ್, ಅಕೌಂಟಿಂಗ್‌ನಲ್ಲಿ ಬಂದೇ ಬರುತ್ತದೆ, ಈ ಸಲ ಅದನ್ನು ಯಾರಿಗಾದರೂ ಹೇಳುತ್ತೇನೆ, ಬಚ್ಚಿಟ್ಟು ಓಡಿಹೋಗುವುದಿಲ್ಲ ಎಂದು ಇವಳು ಉತ್ತರಿಸಿದಳು. ಹೊರಗೆ ಬಂದು ನನಗೆ ಫೋನ್ ಮಾಡಿ, ಎಲ್ಲ ಕೆಡಿಸಿಕೊಂಡೆ ಎಂದಳು. ನನಗೂ ಹಾಗೇ ಅನ್ನಿಸಿತ್ತು. ಮೊದಲು ವೇಟ್‌ಲಿಸ್ಟಿನಲ್ಲಿ ಹೆಸರು ಬಂತು. ತರಗತಿಗಳು ಶುರುವಾಗುವ ತುಸು ಮೊದಲು ಸೀಟು ಸಿಕ್ಕಿತು.

ಮೊದಲ ಟರ್ಮ್ ಮುಗಿದಾಗ ಮತ್ತೆ ಫೋನ್ ಬಂತು. ಅಕೌಂಟಿಂಗ್‌ನಲ್ಲಿ ಹೇಗೋ ಗಟ್ಟಿಯಾಗಿ ನಿಂತಿದ್ದಳು, ಫೈನಾನ್ಸ್ ಕೈಕೊಟ್ಟಿತ್ತು, ಅಂಚಿನಲ್ಲಿ ಪಾಸಾಗಿದ್ದಳು. ಸಲಹೆ ಕೇಳಲೆಂದು ಫೋನ್ ಮಾಡಿದ್ದಾಳೆಂದುಕೊಂಡೆ. ಅದಕ್ಕಲ್ಲ. "ನಿನ್ನೆನ ಅಪ್ಪಗ ಹೇಳೀನ್ರಿ ಮೇಡಂ. ಭಾಳ ಬೈದ. ಆಮ್ಯಾಲ ಹೆಂಗ ಓದಾಕತ್ತೀ ಅಂತ ಎಲ್ಲಾ ಕೇಳಿದ." ಅವಳ ದನಿಯಲ್ಲಿ ನಿರಾಳವಿತ್ತು.

ಈ ಕೆಲಸಕ್ಕೆ ಕೂತಾಗ, ಕಡಿಮೆ ಅಂಕಕ್ಕೆ ನಂಬುವಂಥ ಕಾರಣ ಹುಡುಕಿಕೊಡುವುದೇ ನನ್ನ ಜಾಣತನ ಎಂದುಕೊಂಡಿದ್ದೆ. ಈಗಲೂ ಅಂಥ ಅಭ್ಯರ್ಥಿಗಳು ಬರುತ್ತಾರೆ, ಬಂದವರು ತಮ್ಮ ಕಥೆ ಹೇಳುತ್ತಾರೆ. ನಾನು ಪೂರ್ತಿ ಕೇಳಿ, ಪೆನ್ನು ಮುಟ್ಟುವ ಮೊದಲು ಒಂದೇ ಪ್ರಶ್ನೆ ಹಾಕುತ್ತೇನೆ: ಇದನ್ನು ನಿಮ್ಮ ಮನೆಯವರ ಎದುರು ಓದಿ ಹೇಳಬಲ್ಲಿರಾ? ಕೆಲವರು ತಕ್ಷಣ ಹೌದು ಅನ್ನುತ್ತಾರೆ. ಕೆಲವರು ಸುಮ್ಮನಾಗುತ್ತಾರೆ. ಸುಮ್ಮನಾದವರನ್ನು ನಾನು ಅವಸರಪಡಿಸುವುದಿಲ್ಲ. ಅವರ ಪ್ರಬಂಧ ಶುರುವಾಗುವುದು ಅಲ್ಲಿಂದಲೇ.