ತಕ್ಕಡಿ ಹಂಚಿದ ಕೃಪೆ

ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಭಟ್ಟಿಯವನಿಗೆ ಒಂದು ತಿಂಗಳ ಕೂಲಿ ಬರಬೇಕು. ಇವತ್ತಿಗೂ ಬಂದಿಲ್ಲ. ಕೊಡಬೇಕಾದವನು ನಮ್ಮ ಬೀದಿಯ ಬೇಕರಿ ಯಜಮಾನ, ಚರ್ಚಿನ ಸಭೆಗೆ ಹಿರಿಯ, ಇಬ್ಬರು ಹೆಣ್ಣುಮಕ್ಕಳ ತಂದೆ. ದಿನಾ ಸಂಜೆ ಊಟಕ್ಕೆ ಮೊದಲು ಆ ಮಕ್ಕಳನ್ನು ಕೂರಿಸಿಕೊಂಡು ದೇವರ ಕೃಪೆಯ ಪಾಠ ಹೇಳುವವನೂ ಅವನೇ.

ಬೀದಿಯವರು ಅವನಿಗೆ ಇಟ್ಟ ಹೆಸರು ತಕ್ಕಡಿ. ಹಿಟ್ಟಿನ ಉಂಡೆ ತೂಗುವಾಗ ಕಾಳಿನಷ್ಟು ಹೆಚ್ಚಾದರೂ ಚಿವುಟಿ ತೆಗೆಯುತ್ತಾನೆ. ಕಡಿಮೆಯಾದರೆ ಮಾತ್ರ ಅವನ ಕಣ್ಣಿಗೆ ಮಂಜು ಕವಿಯುತ್ತದೆ. ಪ್ರಾರ್ಥನೆಯಲ್ಲಿ ಅವನಷ್ಟು ಹೊತ್ತು ಕಣ್ಣು ಮುಚ್ಚಿ ನಿಲ್ಲುವವರು ಸಭೆಯಲ್ಲಿ ಇನ್ನೊಬ್ಬರಿಲ್ಲ. ತೆರೆದರೆ ಕಾಣುವುದು ತನ್ನ ಕೆಲಸದವರೇ ಅಲ್ಲವೇ, ಮುಚ್ಚಿದ್ದೇ ಅನುಕೂಲ.

ಇವನ ಪೂರ್ವಾಪರ ನನಗೆ ಗೊತ್ತು. ಅಪ್ಪ ಅಮ್ಮ ಇಲ್ಲದ ಹುಡುಗ. ಅದೇ ಬೇಕರಿಯ ಮೆಟ್ಟಿಲ ಮೇಲೆ ಗೋಣಿ ಹೊದ್ದು ಮಲಗುತ್ತಿದ್ದ. ಆಗಿನ ಒಡತಿ ಮಕ್ಕಳಿಲ್ಲದ ವಿಧವೆ. ಒಂದು ದಿನ ಒಳಗೆ ಕರೆದಳು, ತಿನ್ನಲು ಕೊಟ್ಟಳು, ಕೆಲಸ ಕಲಿಸಿದಳು. ಸಾಯುವ ಮುಂಚೆ ಭಟ್ಟಿ, ಹಿಟ್ಟು ಕಲಸುವ ತೊಟ್ಟಿ, ಮೇಲಿನ ಮನೆ ಎಲ್ಲವನ್ನೂ ಅವನ ಹೆಸರಿಗೆ ಮಾಡಿದಳು. ಯಾಕಮ್ಮಾ ಅಂದವರಿಗೆ, "ಕೊಡಬೇಕು ಅನ್ನಿಸ್ತು, ಕೊಟ್ಟೆ" ಅಂದಳು. ಕೃಪೆ ಅನ್ನುವುದೇನಾದರೂ ಈ ಭೂಮಿಯ ಮೇಲೆ ಇದ್ದರೆ ಅದು ಹೀಗೇ ಇರುತ್ತದೆ. ಆದರೆ ತಕ್ಕಡಿ ತನ್ನ ಮಕ್ಕಳಿಗೆ ಹೇಳುವ ಕಥೆ ಬೇರೆ. "ದಿನಾ ಬೆಳಗ್ಗೆ ಎದ್ದು ಮೆಟ್ಟಿಲು ಗುಡಿಸ್ತಿದ್ದೆ. ಆ ಶ್ರದ್ಧೆ ನೋಡಿ ಅವ್ವ ಕೊಟ್ಟಳು." ಗುಡಿಸಿದ್ದನ್ನು ಕಂಡವರು ಬೀದಿಯಲ್ಲಿ ಒಬ್ಬರೂ ಇಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಒಪ್ಪಿಕೊಳ್ಳುವುದಕ್ಕೂ ಸ್ವಲ್ಪ ಗಂಡೆದೆ ಬೇಕು.

ಬೇಕರಿಯ ಮೇಲಿನ ಮನೆಯಲ್ಲಿ ಒಂದು ಊಟದ ಮೇಜು, ನಾಲ್ಕು ಕುರ್ಚಿ. ಗೋಡೆಯ ಮೇಲೆ ಒಂದು ಕರಿಹಲಗೆ. ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ 'ದೇವರ ಕೃಪೆ' ಅಂತ ತಕ್ಕಡಿಯೇ ಬರೆದಿದ್ದಾನೆ. ಕೆಳಗೆ ಎರಡು ಸಾಲು: ದೊಡ್ಡವಳದೊಂದು, ಚಿಕ್ಕವಳದೊಂದು. ಹೇಳಿದ ಮಾತು ಕೇಳಿದರೆ ಒಂದು ಗೀಟು. ಪ್ರಾರ್ಥನೆ ತಪ್ಪಿಲ್ಲದೆ ಒಪ್ಪಿಸಿದರೆ ಒಂದು ಗೀಟು. ಬಿದ್ದ ಸಾಮಾನು ಎತ್ತಿಟ್ಟರೆ ಒಂದು ಗೀಟು. ತಪ್ಪು ಮಾಡಿದರೆ ಗೀಟು ಅಳಿಸಿ ಹೋಗುತ್ತದೆ. ಗೀಟು ಕಡಿಮೆ ಇದ್ದವಳಿಗೆ ಭಾನುವಾರದ ಊಟಕ್ಕೆ ಕುರ್ಚಿ ಇಲ್ಲ. ಪಕ್ಕದಲ್ಲಿ ನಿಂತು ಉಳಿದವರಿಗೆ ನೀರು ಬಡಿಸಬೇಕು. ನಿಲ್ಲುವವಳು ಯಾವಾಗಲೂ ಚಿಕ್ಕವಳೇ. ಅವಳಿಗೆ ಪ್ರಾರ್ಥನೆಯ ಮಧ್ಯೆ ನಗು ಬರುತ್ತದೆ, ಪಾಪ, ಏನು ಮಾಡುತ್ತಾಳೆ.

ಅವನ ಹೆಂಡತಿಗೆ ಈ ಹಲಗೆ ಕಂಡರಾಗದು. "ರೀ, ಗೀಟು ಎಣಿಸ್ಕೊಂಡು ಕೊಡೋದು ಕೃಪೆ ಹೇಗಾಗುತ್ತೆ? ಅದು ಸಂಬಳ ಅಲ್ವಾ?"

"ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಬೇಕಲ್ವೇನೇ."

"ನಿಮಗೆ ಅರ್ಥ ಆಗಿರೋ ಹಾಗೆ ಹೇಳ್ತಿದೀರಿ, ಅಷ್ಟೇ."

ಇನ್ನು ಕೆಳಗಿನ ಬೇಕರಿ. ಸಂಜೆಯ ಹೊತ್ತಿಗೆ ತಕ್ಕಡಿ ತೊಟ್ಟಿಯಲ್ಲಿ ಹಿಟ್ಟು, ನೀರು, ಉಪ್ಪು ಕಲಸಿ ಹೋಗುತ್ತಾನೆ. ಆಮೇಲೆ ಬರುವ ಭಟ್ಟಿಯವನು ಅದನ್ನು ನಾದಿ, ಉಬ್ಬಲು ಬಿಟ್ಟು, ಬೇಯಿಸುತ್ತಾನೆ. ಒಬ್ಬ ಹೋಗುವುದಕ್ಕೂ ಇನ್ನೊಬ್ಬ ಬರುವುದಕ್ಕೂ ನಡುವೆ ಸ್ವಲ್ಪ ಹೊತ್ತು ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ಆ ವಿಧವೆಯ ಕಾಲದಿಂದ ಒಂದು ಗುರುತು ನಡೆದುಬಂದಿದೆ. ಉಪ್ಪು ಹಾಕಿ ಆಯಿತು ಅಂದರೆ ಉಪ್ಪಿನ ಡಬ್ಬಿಯನ್ನು ತೊಟ್ಟಿಯ ಅಂಚಿನ ಮೇಲೆ ಬೋರಲು ಹಾಕಿಟ್ಟು ಹೋಗಬೇಕು. ಡಬ್ಬಿ ಕಪಾಟಿನಲ್ಲಿ ನೆಟ್ಟಗಿದ್ದರೆ ಉಪ್ಪು ಬಿದ್ದಿಲ್ಲ ಅಂತ ಅರ್ಥ, ಬಂದವನು ಹಾಕಬೇಕು.

ಒಂದು ಸಂಜೆ ತಕ್ಕಡಿ ಉಪ್ಪು ಹಾಕಿದ, ಡಬ್ಬಿ ಬೋರಲಿಟ್ಟ, ಸಭೆಯ ಹಾಡಿನ ಅಭ್ಯಾಸಕ್ಕೆ ಹೋದ. ಭಟ್ಟಿಯವನು ಬಂದಾಗ ಡಬ್ಬಿ ಕಪಾಟಿನಲ್ಲಿ ನೆಟ್ಟಗಿತ್ತು. ಅವನೂ ಉಪ್ಪು ಹಾಕಿದ. ಬೆಳಗ್ಗೆ ಬೀದಿಗೆ ಬೀದಿಯೇ ಬ್ರೆಡ್ಡನ್ನು ಬಾಯಿಗಿಟ್ಟು ಥೂ ಅಂತ ಉಗಿಯಿತು. ಬುಟ್ಟಿಗಟ್ಟಲೆ ವಾಪಸ್ಸು ಬಂತು. ಬೀದಿನಾಯಿ ಕೂಡ ಮೂಸಿ ನೋಡಿ ಮುಂದೆ ಹೋಯಿತು.

"ನಾನು ಬೋರಲಿಟ್ಟಿದ್ದೆ" ಅಂದ ತಕ್ಕಡಿ.

"ನಾನು ಬಂದಾಗ ನೆಟ್ಟಗಿತ್ತು ಯಜಮಾನ್ರೇ."

"ಡಬ್ಬಿಗೆ ಕಾಲು ಬಂತಾ? ಉಪ್ಪು ತಿಂದೋನು ನೀರು ಕುಡೀಲೇಬೇಕಪ್ಪಾ."

"ತಿಂದೋನು ಕುಡೀಲಿ. ನಾನು ಹಾಕಿದ್ದು ಮಾತ್ರ."

ಈ ಮಾತಿಗೆ ಉಳಿದ ಕೆಲಸದವರು ನಕ್ಕರು. ನಕ್ಕಿದ್ದೇ ತಪ್ಪಾಯಿತು. ಹಾಳಾದ ಮಾಲಿನ ನಷ್ಟವೆಲ್ಲ ಭಟ್ಟಿಯವನ ತಲೆಗೆ ಬಂತು, ಆ ತಿಂಗಳ ಕೂಲಿ ಪೂರ್ತಿ ಮುರಿದುಹೋಯಿತು. ಅವನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾಳೆ. ಅವಳ ಔಷಧ ಸಾಲದಲ್ಲಿ ನಡೆಯಿತು.

ಡಬ್ಬಿಗೆ ಕಾಲು ಬಂದಿರಲಿಲ್ಲ. ತಕ್ಕಡಿಯ ದೊಡ್ಡ ಮಗಳು ಕೆಳಗಿಳಿದು ಬಂದಿದ್ದಳು. ತೊಟ್ಟಿಯ ಅಂಚಿನಲ್ಲಿ ಬೋರಲು ಬಿದ್ದ ಡಬ್ಬಿ ಕಣ್ಣಿಗೆ ಬಿತ್ತು. ಬಿದ್ದ ಸಾಮಾನು ಎತ್ತಿಟ್ಟರೆ ಒಂದು ಗೀಟು. ಎತ್ತಿದಳು, ಒರೆಸಿದಳು, ಕಪಾಟಿನಲ್ಲಿ ನೆಟ್ಟಗೆ ಇಟ್ಟಳು. ಅಪ್ಪ ಹಾಡು ಮುಗಿಸಿ ಬಂದ ಮೇಲೆ, "ಕೆಳಗಡೆ ಸಾಮಾನು ಜೋಡಿಸಿದೆ" ಅಂದಳು. ಅಪ್ಪ ಯಾವ ಸಾಮಾನು ಅಂತ ಕೇಳದೆ ಸೀಮೆಸುಣ್ಣ ತೆಗೆದು ಗೀಟು ಎಳೆದ.

ಕೆಲಸದವರು ಆಡಿಕೊಳ್ಳುವುದನ್ನು ಕೇಳಿದ ಮೇಲೆ ಹುಡುಗಿಗೆ ವಿಷಯ ತಿಳಿಯಿತು. ಹೇಳಿದರೆ ಗೀಟು ಹೋಗುತ್ತದೆ, ಕುರ್ಚಿ ಹೋಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಮುಖದ ಮೇಲಿನ ನಗು ಹೋಗುತ್ತದೆ. ಹೇಳದಿದ್ದರೆ, ತನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಭಟ್ಟಿ ಮಾಮ ಕಳ್ಳನ ಹಾಗೆ ತಲೆ ತಗ್ಗಿಸಿ ಓಡಾಡುತ್ತಾನೆ. ಕೆಲವು ದಿನ ಅವಳಿಗೆ ಊಟ ಸೇರಲಿಲ್ಲ. ಜ್ವರ ಇರಬೇಕು ಅಂತ ತಕ್ಕಡಿ ಪ್ರಾರ್ಥನೆ ಮಾಡಿದ.

ಮುಂದಿನದನ್ನು ನನಗೆ ಹೇಳಿದವಳು ಅವನ ಹೆಂಡತಿ. ಒಂದು ಸಂಜೆ ಪಾಠದಲ್ಲಿ ಅವನು ಎಂದಿನ ಪ್ರಶ್ನೆ ಕೇಳಿದ. "ಕೃಪೆ ಅಂದ್ರೇನಮ್ಮಾ?"

"ಯೋಗ್ಯತೆ ಇಲ್ಲದೋರನ್ನೂ ದೇವರು ಪ್ರೀತಿಸೋದು" ಅಂತ ದೊಡ್ಡವಳು ಒಪ್ಪಿಸಿದಳು. ಅದೇ ಉಸಿರಿನಲ್ಲಿ, "ಅಪ್ಪಾ, ಡಬ್ಬಿ ನೆಟ್ಟಗಿಟ್ಟಿದ್ದು ನಾನು" ಅಂದಳು.

ತಕ್ಕಡಿ ಎದ್ದ, ಆ ಡಬ್ಬಿಯ ಗೀಟು ಒರೆಸಿದ, ಸ್ವಲ್ಪ ಯೋಚಿಸಿ ಅವಳ ಸಾಲನ್ನೇ ಪೂರ್ತಿ ಒರೆಸಿದ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, "ದೇವರು ಕ್ಷಮಿಸ್ತಾನೆ. ನಾನೂ ಕ್ಷಮಿಸಿದೀನಿ" ಅಂದ.

"ಮತ್ತೆ ಭಟ್ಟಿ ಮಾಮಂಗೆ?"

"ಅವನನ್ನೂ ಕ್ಷಮಿಸ್ತೀನಿ."

"ಅವರೇನು ಮಾಡಿದ್ರು?"

"ದೊಡ್ಡವರ ವಿಷಯ, ಸುಮ್ನಿರು. ನಾಳೆ ನೀನೇ ನೋಡುವೆಯಂತೆ ಬಾ, ಕೃಪೆ ಅಂದ್ರೆ ಹೇಗಿರುತ್ತೆ ಅಂತ."

ನಾಳೆ ಬಂತು. ಬ್ರೆಡ್ಡು ಕೊಳ್ಳಲು ಹೋದ ನಾನೂ ಅಲ್ಲೇ ಇದ್ದೆ. ತಕ್ಕಡಿ ಮಕ್ಕಳಿಬ್ಬರನ್ನೂ ಎದುರು ನಿಲ್ಲಿಸಿಕೊಂಡು, ಭಟ್ಟಿಯವನನ್ನು ಕರೆಸಿ, ಗಂಟಲು ಸರಿಮಾಡಿಕೊಂಡು ಹೇಳಿದ. "ನೋಡಪ್ಪಾ, ಆ ಉಪ್ಪಿನ ವಿಷಯ ಮನಸ್ಸಲ್ಲಿ ಇಟ್ಕೊಂಡಿಲ್ಲ. ನಿನ್ನನ್ನ ಕ್ಷಮಿಸಿದೀನಿ."

ಭಟ್ಟಿಯವನು ಕೈಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತಾ ನಿಂತ. ಮೇಲಿನ ಮನೆಯ ಮಾತು ಅಷ್ಟರಲ್ಲಿ ಕೆಳಗಿಳಿದಿತ್ತು. "ನನ್ನದು ತಪ್ಪಿಲ್ಲ ಅಂತ ನಿಮಗೂ ಗೊತ್ತಾಗಿದೆಯಂತಲ್ಲ ಯಜಮಾನ್ರೇ."

"ಅದಕ್ಕೇ ಕ್ಷಮಿಸಿದ್ದು."

"ಕೂಲಿ?"

"ಪೂರ್ತಿ ಕೊಟ್ರೆ ಕೆಲಸದೋರಿಗೆ ಸದರ ಆಗುತ್ತೆ. ಅರ್ಧ ಕೊಡ್ತೀನಿ. ಕೃಪೆಯಿಂದ ಕೊಡ್ತಿದೀನಿ ಅಂತ ತಿಳ್ಕೋ."

"ಕೃಪೆ ನೀವೇ ಇಟ್ಕೊಳ್ಳಿ, ನಿಮಗೇ ಬೇಕಾಗಬಹುದು. ನನಗೆ ನನ್ನ ಕೂಲಿ ಕೊಡಿ" ಅಂದು ಅವನು ಒಳಗೆ ಹೋಗಿ ಹಿಟ್ಟು ನಾದತೊಡಗಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ನೋಡಿದ್ದೇನೆ. ಬರೆ ಎಳೆದು, ಎಮ್ಮೆಯನ್ನೇ ಕ್ಷಮಿಸಿ, ಅದರ ಹುಲ್ಲನ್ನೂ ತಿಂದವನನ್ನು ನೋಡಿದ್ದು ಇದೇ ಮೊದಲು. ನಾನು ಕಾರ್ಮಿಕ ಸಂಘದ ಬಾವುಟ ಹಿಡಿದು ತಿರುಗಿದ ವರ್ಷಗಳಲ್ಲಿ ಕೂಲಿ ತಪ್ಪಿಸುವ ನೆಪಗಳನ್ನು ಬೇಕಾದಷ್ಟು ಕೇಳಿದ್ದೇನೆ: ವ್ಯಾಪಾರ ಇಲ್ಲ, ಮಗಳ ಮದುವೆ, ಬ್ಯಾಂಕು ಮುಚ್ಚಿದೆ. ದೇವರನ್ನು ಗುಮಾಸ್ತನಾಗಿ ಕೂರಿಸಿಕೊಂಡವನು ಇವನೊಬ್ಬನೇ. ದುಡಿದವನಿಗೆ ಕೂಲಿಯನ್ನು ಕೃಪೆ ಅಂತ ಕೊಡುತ್ತಾನೆ, ಹೆತ್ತ ಮಕ್ಕಳಿಗೆ ಕೃಪೆಯನ್ನು ಕೂಲಿ ಅಂತ ಕೊಡುತ್ತಾನೆ. ಎರಡರಲ್ಲೂ ಚಿವುಟಿಕೊಳ್ಳುತ್ತಾನೆ.

ಆ ಸಂಜೆ ಪಾಠಕ್ಕೆ ಕೂತಾಗ ಮತ್ತೆ ಅದೇ ಪ್ರಶ್ನೆ. ದೊಡ್ಡವಳು ಬಾಯಿ ಬಿಡಲಿಲ್ಲ.

"ಮರೆತೋಯ್ತೇನಮ್ಮಾ?"

"ಇಲ್ಲ. ಗೊತ್ತು. ಹೇಳಲ್ಲ. ಮಾಮಂಗೆ ದುಡ್ಡು ಕೊಟ್ಮೇಲೆ ಹೇಳ್ತೀನಿ."

ಅಂದಿನಿಂದ ಅವಳು ಹೇಳಿಲ್ಲ. ಅವಳ ಸಾಲಿನಲ್ಲಿ ಒಂದು ಗೀಟೂ ಇಲ್ಲ. ಈಗ ಭಾನುವಾರ ನಿಂತು ನೀರು ಬಡಿಸುವವಳು ಅವಳು. ಚಿಕ್ಕವಳು ತನಗೆ ಸಿಕ್ಕ ಕುರ್ಚಿ ಬಿಟ್ಟು ಅಕ್ಕನ ಪಕ್ಕ ಹೋಗಿ ನಿಲ್ಲುತ್ತಾಳೆ. ಅವರಮ್ಮ ತಟ್ಟೆ ಎತ್ತಿಕೊಂಡು ಬಂದು ಅವರನ್ನೂ ಕೂರಿಸಿಕೊಂಡು ನೆಲದ ಮೇಲೆ ಕೂತು, ಮೂವರೂ ಅಲ್ಲೇ ಉಣ್ಣುತ್ತಾರೆ. ತಕ್ಕಡಿ ಮೇಜಿನ ಮುಂದೆ ಒಬ್ಬನೇ ಕೂತು, ದೊಡ್ಡ ಮಗಳ ಮನಸ್ಸು ಮೆತ್ತಗಾಗಲಿ ಅಂತ ಗಟ್ಟಿಯಾಗಿ ಪ್ರಾರ್ಥಿಸುತ್ತಾನೆ. ಸಭೆಯಲ್ಲೂ ಅದನ್ನೇ ಪ್ರಾರ್ಥಿಸುತ್ತಾನೆ, ಅಲ್ಲಿ ಎಲ್ಲರೂ ಅದಕ್ಕೆ ಆಮೆನ್ ಅನ್ನುತ್ತಿದ್ದಾರೆ.

ಓದುತ್ತಿರುವ ನೀವು ಆಮೆನ್ ಅನ್ನಬೇಡಿ. ನಿಮ್ಮ ಮನೆಯಲ್ಲೂ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಕೃಪೆಯ ಪಾಠ ಹೇಳುತ್ತೀರಿ. ಹೇಳಿ, ಬೇಡ ಅನ್ನುವುದಿಲ್ಲ. ಆದರೆ ಬಾಯಿ ತೆರೆಯುವ ಮುಂಚೆ ಎದ್ದು ಹೋಗಿ, ನಿಮಗಾಗಿ ದುಡಿದವರ ಕೂಲಿಯನ್ನು ಒಂದು ಕಾಸೂ ಮುರಿಯದೆ ಅವರ ಕೈಗೆ ಕೊಟ್ಟು ಬನ್ನಿ. ನಿಮ್ಮ ಮಕ್ಕಳು ನೋಡುವ ಹಾಗೆ ಕೊಡಿ. ಇವತ್ತೇ ಕೊಡಿ.